ರೊಕ್ಕ ಇಸಕೊಂಡ ದಿನ ಮನಸ್ಸಿನಲ್ಲಿ ಏನಿತ್ತು?

ಹುಬ್ಬಳ್ಳಿಯ ಯಾವುದಾದರೂ ಪೊಲೀಸ್ ಠಾಣೆಯ ಎದುರಿನ ಚಹಾದಂಗಡಿಯಲ್ಲಿ ಅರ್ಧ ತಾಸು ಕೂತು ನೋಡಿ. ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ: "ಒಂದು ಫೋರ್ ಟ್ವೆಂಟಿ ಹಾಕಸ್ರಿ, ರೊಕ್ಕ ತಾನ ಮನೀಗೆ ಬರತೈತಿ." ಯಾರ ಮೇಲೆ ಕೇಸು ಎಂದು ಕೇಳಿದರೆ ಎಷ್ಟೋ ಸಲ ಹೊರಗಿನವರ ಹೆಸರು ಬರುವುದಿಲ್ಲ. ಅಕ್ಕನ ಗಂಡ, ಕಾಕಾನ ಮಗ, ಸೋದರಮಾವ, ಬೀಗರು. ಹೋದ ವರ್ಷದ ಜಾತ್ರೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡವರು.

ಎಫ್‌ಐಆರ್ ಆದ ಮೇಲೆ ಎದುರು ಪಾರ್ಟಿಯೂ ಸುಮ್ನೆ ಕೂರುವುದಿಲ್ಲ. ಧಾರವಾಡ ದಾಟಿ, ಬೆಳಗಾವಿ ರಸ್ತೆಯಲ್ಲಿ ಬೇಲೂರಿನ ಹತ್ತಿರ ಇರುವ ಹೈಕೋರ್ಟ್ ಪೀಠಕ್ಕೆ ಹೋಗುತ್ತದೆ. "ಕೇಸ್ ಕ್ವಾಶ್ ಮಾಡಿಸಬೇಕು." ಕ್ವಾಶ್ ಎಂದರೆ ರದ್ದು. ವಿಚಾರಣೆ ಮುಗಿಯುವ ತನಕ ಕಾಯದೆ, ಕ್ರಿಮಿನಲ್ ಕೇಸನ್ನು ಬೇರಿನಿಂದಲೇ ಕಿತ್ತುಹಾಕುವುದು. ಈ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಗದಗದವರು, ಹಾವೇರಿಯವರು ಇಂಥ ಒಂದು ಅರ್ಜಿಗೂ ಬೆಂಗಳೂರಿನ ರಾತ್ರಿ ಬಸ್ಸು ಹತ್ತಬೇಕಿತ್ತು. ಈಗ ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರಬಹುದು.

ಈ ಎರಡೂ ಕಡೆಯವರು ತಮ್ಮ ತಮ್ಮ ತಪ್ಪು ಕಲ್ಪನೆ ಹೊತ್ತುಕೊಂಡೇ ಹೊರಡುತ್ತಾರೆ. ದೂರು ಕೊಟ್ಟವರ ಲೆಕ್ಕದಲ್ಲಿ ರೊಕ್ಕ ವಾಪಸ್ ಬರಲಿಲ್ಲ ಅಂದರೆ ಅದೇ ಮೋಸ. ಕ್ವಾಶ್ ಕೇಳುವವರ ಲೆಕ್ಕದಲ್ಲಿ ಇದು ಮನೆ ಜಗಳ, ಸಿವಿಲ್ ವ್ಯಾಜ್ಯ, ಹಾಗಾಗಿ ಪೊಲೀಸ್ ಕೇಸು ನಿಲ್ಲುವುದೇ ಇಲ್ಲ. ಕೋರ್ಟು ಎರಡನ್ನೂ ಒಪ್ಪುವುದಿಲ್ಲ. ಅದು ಕೇಳುವ ಪ್ರಶ್ನೆಯೇ ಬೇರೆ. ರೊಕ್ಕ ತೆಗೆದುಕೊಂಡ ದಿನ, ಇಲ್ಲವೇ ಸಹಿ ಹಾಕಿಸಿಕೊಂಡ ದಿನ, ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತು?

ನಂಬರಿನ ಗೊಂದಲವನ್ನು ಮೊದಲೇ ಮುಗಿಸಿಬಿಡೋಣ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮೋಸದ ಹಳೆಯ ಕಲಂ 420 ಈಗ 318(4). ಶಿಕ್ಷೆ ಮೊದಲಿನಷ್ಟೇ, ಏಳು ವರ್ಷದವರೆಗೆ ಜೈಲು ಮತ್ತು ದಂಡ. ನಂಬಿಕೆ ದ್ರೋಹದ 406 ಈಗ 316(2) ಆಗಿದೆ. ಅದರ ಶಿಕ್ಷೆ ಮೂರು ವರ್ಷದಿಂದ ಐದಕ್ಕೆ ಏರಿದೆ. ಕ್ವಾಶ್ ಅರ್ಜಿ ಹಾಕುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 482, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528. ಮೋಸ ನಡೆದದ್ದು ಆ ಜುಲೈ 1ಕ್ಕಿಂತ ಮುಂಚೆ ಎಂದಾದರೆ ಎಫ್‌ಐಆರ್‌ನಲ್ಲಿ ಇವತ್ತಿಗೂ 420 ಎಂದೇ ಇರುತ್ತದೆ. ಜನರ ಬಾಯಲ್ಲಂತೂ ಅದು ಬೇಗ ಹೋಗುವ ನಂಬರಲ್ಲ.

ನಾಲ್ಕನೇ ವರ್ಷಕ್ಕೆ ಸಾಲ ಮೋಸವಾಗುತ್ತದೆ

ಸಾಲ ವಸೂಲಿಗೆ ಸಿವಿಲ್ ಕೋರ್ಟ್ ಇದೆಯಲ್ಲ, ಜನ ಠಾಣೆಗೆ ಯಾಕೆ ಹೋಗುತ್ತಾರೆ? ತಿಳಿವಳಿಕೆ ಇಲ್ಲ ಅಂತ ತಳ್ಳಿಹಾಕಬೇಡಿ. ಲೆಕ್ಕ ಹಾಕಿಯೇ ಹೋಗುತ್ತಾರೆ. ಸಿವಿಲ್ ದಾವೆಗೆ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು, ಅದಕ್ಕೆ ಕರ್ನಾಟಕದ್ದೇ 1958ರ ಕಾಯ್ದೆ ಇದೆ. ಠಾಣೆಯಲ್ಲಿ ಒಂದು ಹಾಳೆ, ಒಂದು ಪೆನ್ನು ಸಾಕು. ದಾವೆಯಲ್ಲಿ ಸಮನ್ಸ್ ಹೋಗಬೇಕು, ಅವರು ತಕರಾರು ಹಾಕಬೇಕು, ಸಾಕ್ಷಿ ಆಗಬೇಕು, ವಾಯಿದೆ ಮೇಲೆ ವಾಯಿದೆ. ಗೆದ್ದರೂ ರೊಕ್ಕ ಕೈಗೆ ಬರಲು ಮತ್ತೆ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪನ್ನು ಜಾರಿ ಮಾಡಿಸಲು ಇನ್ನೊಂದು ಅರ್ಜಿ. ಠಾಣೆಯಿಂದ ಒಂದು ಫೋನ್ ಹೋದರೆ ಎರಡೇ ದಿನದಲ್ಲಿ ಅಳಿಯಂದಿರು ಬಂದು ಬೆಂಚಿನ ಮೇಲೆ ಕೂತಿರುತ್ತಾರೆ.

ಇವೆಲ್ಲ ಎಲ್ಲರೂ ಹೇಳುವ ಕಾರಣ. ಯಾರೂ ಜಾಸ್ತಿ ಬಾಯಿಬಿಡದ ಕಾರಣ ಇನ್ನೊಂದಿದೆ. ಅದು ದಾವೆ ಹಾಕಲು ಇರುವ ಗಡುವು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಕೈಗಡ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು. ಆದರೆ ಕ್ರಿಮಿನಲ್ ಕಾನೂನಿನಲ್ಲಿ ಕಾಲಮಿತಿ ಇರುವುದು ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಏಳು ವರ್ಷದ ಶಿಕ್ಷೆಯ ಮೋಸಕ್ಕೆ ಅಂಥ ಗಡುವಿಲ್ಲ. ಹೀಗಾಗಿ ಮೂರು ವರ್ಷ ಕೈಗಡವಾಗಿದ್ದದ್ದು ನಾಲ್ಕನೇ ವರ್ಷಕ್ಕೆ ಇದ್ದಕ್ಕಿದ್ದಂತೆ ಮೋಸವಾಗಿಬಿಡುತ್ತದೆ.

ಸಂಬಂಧಿಕರ ನಡುವೆ ಈ ಮೂರು ವರ್ಷ ಕಳೆಯುವುದು ಎಷ್ಟು ಸುಲಭ ನೋಡಿ. ಹೊರಗಿನವನಿಗೆ ಸಾಲ ಕೊಟ್ಟರೆ ಆರನೇ ತಿಂಗಳಿಗೇ ನೋಟಿಸ್ ಕೊಡುತ್ತೀರಿ. ಭಾವನಿಗೆ ಕೊಟ್ಟರೆ? ಈ ವರ್ಷ ಅವರ ಮನೆಯಲ್ಲಿ ಮದುವೆ, ಹೇಗೆ ಕೇಳೋದು. ಮುಂದಿನ ವರ್ಷ ಅಕ್ಕ ಮಗಳ ಬಾಣಂತನದಲ್ಲಿದ್ದಾಳೆ. ಆಮೇಲೆ ಅವ್ವ ಹಾಸಿಗೆ ಹಿಡಿದಳು, ಅವಳು ಇರೋ ತನಕ ಮನೆ ಒಡೆಯೋದು ಬೇಡ. ಅವ್ವ ತೀರಿಕೊಂಡ ಮೇಲೆ, ಹದಿಮೂರನೇ ದಿನದ ಊಟ ಮುಗಿದ ಮೇಲೆ, ಮಾತು ಹೊರಬೀಳುತ್ತದೆ. ಆಗ ವಕೀಲರ ಹತ್ತಿರ ಹೋದರೆ ಅವರು ತಾರೀಕು ನೋಡಿ ತಲೆ ಅಲ್ಲಾಡಿಸುತ್ತಾರೆ. ಉಳಿದ ದಾರಿ ಠಾಣೆಯೊಂದೇ.

ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲದ್ದಲ್ಲ. 2006ರಲ್ಲಿ ಇಂಡಿಯನ್ ಆಯಿಲ್ ಪಾರ್ಟಿಯಾಗಿದ್ದ ಕೇಸಿನಲ್ಲಿ, ಸಿವಿಲ್ ತಕರಾರುಗಳಿಗೆ ಕ್ರಿಮಿನಲ್ ಬಣ್ಣ ಬಳಿಯುವ ಚಾಳಿ ಬೆಳೆಯುತ್ತಿದೆ ಎಂದು ಅದು ಹೇಳಿತು. ಸಿವಿಲ್ ದಾರಿ ನಿಧಾನ ಎಂಬ ಭಾವನೆಯೇ ಇದಕ್ಕೆ ಕಾರಣ ಎಂದೂ ಒಪ್ಪಿಕೊಂಡಿತು. ಕುಟುಂಬದ ಜಗಳಗಳಲ್ಲೂ ಇದೇ ಚಾಳಿ ಕಾಣುತ್ತಿದೆ, ಅದರಿಂದ ಮನೆಗಳು ಮತ್ತೆ ಕೂಡದಂತೆ ಒಡೆಯುತ್ತಿವೆ ಎಂಬ ಮಾತೂ ಅದೇ ತೀರ್ಪಿನಲ್ಲಿದೆ. 2025ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರ ಪೀಠ ಉತ್ತರ ಪ್ರದೇಶದ ಪೊಲೀಸರನ್ನು ಇದೇ ವಿಷಯಕ್ಕೆ ತರಾಟೆಗೆ ತೆಗೆದುಕೊಂಡಿತು. ಹತ್ತೊಂಬತ್ತು ವರ್ಷ ಕಳೆದರೂ ಮಾತು ಅದೇ. ನನಗೆ ಅನ್ನಿಸುವುದು, ಸಿವಿಲ್ ಕೋರ್ಟಿನ ವೇಗ ಬದಲಾಗದೆ ಈ ಬೈಗುಳದಿಂದ ಏನೂ ಬದಲಾಗುವುದಿಲ್ಲ.

ಬ್ಯಾಡಗಿಯ ಅಳಿಯ

ಈಗ ಆ ಮೊದಲ ದಿನದ ಪ್ರಶ್ನೆಗೆ ಬರೋಣ. ಒಂದು ಕಲ್ಪನೆಯ ಕತೆ ಇಟ್ಟುಕೊಂಡರೆ ಸುಲಭ.

ಹಾನಗಲ್ ಕಡೆಯ ಒಬ್ಬ ರೈತ. ಅವರ ಅಕ್ಕನ ಮಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. "ಮಾಮಾ, ಈ ಸೀಸನ್‌ಗೆ ಎಂಟು ಲಕ್ಷ ಕೊಡ್ರಿ, ಮಾಲ ಹಿಡೀತೀನಿ. ದೀಪಾವಳಿಗೆ ಬಡ್ಡಿ ಸಮೇತ ತಂದು ಕೊಡತೀನಿ" ಅಂದ. ಅರ್ಧ ಬ್ಯಾಂಕಿನಿಂದ ಹೋಯಿತು, ಅರ್ಧ ಕೈಚೀಲದಲ್ಲಿ. ಅವನು ನಿಜವಾಗಿಯೂ ಮಾಲು ಹಿಡಿದ, ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟ, ರೇಟು ಬಿತ್ತು, ಅರ್ಧಕ್ಕೆ ಮಾರಿದ. ದೀಪಾವಳಿ ಬಂತು, ರೊಕ್ಕ ಬರಲಿಲ್ಲ. ಮುಂದಿನ ದೀಪಾವಳಿಗೆ ಫೋನ್ ಎತ್ತುವುದನ್ನೇ ಬಿಟ್ಟ.

ಊರವರ ಕಣ್ಣಲ್ಲಿ ಇದು ಮೋಸ. ಕಾನೂನಿನ ಕಣ್ಣಲ್ಲಿ, ಇಷ್ಟೇ ಆಗಿದ್ದರೆ, ಅಲ್ಲ. ಕೊಟ್ಟ ಮಾತು ತಪ್ಪಿದ್ದು ಬೇರೆ, ಮಾತು ಕೊಡುವಾಗಲೇ ತಪ್ಪಿಸುವ ಮನಸ್ಸಿದ್ದದ್ದು ಬೇರೆ. ಫೋನ್ ಎತ್ತದೆ ಇರುವುದು ಕೆಟ್ಟ ನಡವಳಿಕೆ, ಆದರೆ ಅದು ಎರಡು ವರ್ಷದ ಆಮೇಲಿನದು. ಆಮೇಲೆ ಹುಟ್ಟಿದ ಕೆಟ್ಟ ಬುದ್ಧಿಯಿಂದ ಹಿಂದಿನ ವ್ಯವಹಾರ ಮೋಸ ಆಗುವುದಿಲ್ಲ. 2000ದಲ್ಲಿ ಬಿಹಾರದ ಅಣ್ಣತಮ್ಮಂದಿರ ಜಮೀನು ಮಾರಾಟದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆಯಿತು. ಅಲ್ಲಿಂದ ಇಲ್ಲಿಯವರೆಗೆ ಕ್ವಾಶ್ ಅರ್ಜಿಗಳಲ್ಲಿ ವಕೀಲರು ಈ ಗೆರೆಯನ್ನೇ ತೋರಿಸುತ್ತಾರೆ.

ಕತೆಯಲ್ಲಿ ಒಂದೇ ಒಂದು ತುಣುಕು ಬದಲಿಸಿ. ರೊಕ್ಕ ಕೇಳಲು ಬಂದ ದಿನ ಅಳಿಯ ಒಂದು ಕೋಲ್ಡ್ ಸ್ಟೋರೇಜ್ ರಸೀದಿ ತೋರಿಸಿದ್ದ. "ನೋಡ್ರಿ ಮಾಮಾ, ಇನ್ನೂರು ಚೀಲ ಆಗಲೇ ಇಟ್ಟೀನಿ, ನಿಮ್ಮ ರೊಕ್ಕಕ್ಕ ಇದ ಭದ್ರ." ಆ ರಸೀದಿ ಸುಳ್ಳು, ಅಲ್ಲಿ ಒಂದು ಚೀಲವೂ ಇರಲಿಲ್ಲ. ಅದನ್ನು ನಂಬಿಯೇ ಮಾವ ರೊಕ್ಕ ಕೊಟ್ಟರು. ಈಗ ಸುಳ್ಳು ಮೊದಲ ದಿನಕ್ಕೇ ಬಂದು ಕೂತಿತು. ಈ ಕೇಸು ಧಾರವಾಡಕ್ಕೆ ಹೋದರೂ ಕ್ವಾಶ್ ಆಗುವುದು ಕಷ್ಟ. ಆಮೇಲೆ ಅವನು ಎರಡು ಲಕ್ಷ ವಾಪಸ್ ಕೊಟ್ಟಿದ್ದರೂ ಅಷ್ಟಕ್ಕೇ ಆರೋಪ ಅಳಿಸಿಹೋಗುವುದಿಲ್ಲ.

ಇವೆರಡರ ನಡುವೆ ಬೂದು ಬಣ್ಣದ ಜಾಗ ಬೇಕಾದಷ್ಟಿದೆ. ರೊಕ್ಕ ಕೈಗೆ ಬಂದ ಮರುದಿನವೇ ಅಳಿಯ ಅದನ್ನು ಹಳೆಯ ಸಾಲಕ್ಕೆ ಕಟ್ಟಿದ್ದ ಅಂದುಕೊಳ್ಳಿ. ಮೊದಲಿಂದ ಅದೇ ಯೋಚನೆ ಇತ್ತೇ, ಬ್ಯಾಂಕಿನವರು ಹಿಡಿದುಕೊಂಡರೇ? ಇಂಥಲ್ಲಿ ತನಿಖೆ ನಡೆಯಲಿ ಎನ್ನುವ ನ್ಯಾಯಮೂರ್ತಿಗಳೂ ಇರುತ್ತಾರೆ, ಇದು ಸಿವಿಲ್ ಎನ್ನುವವರೂ ಇರುತ್ತಾರೆ. ಒಬ್ಬರದೇ ಸರಿ ಎನ್ನಲು ಬರುವುದಿಲ್ಲ.

ಉತಾರದಲ್ಲಿ ಇಲ್ಲದ ಅಕ್ಕ

ಕೈಗಡಕ್ಕಿಂತ ದೊಡ್ಡ ಗದ್ದಲ ಜಮೀನಿನದು. ನಮ್ಮ ಕಡೆ ಪಹಣಿಗೆ ಉತಾರ ಅನ್ನುತ್ತಾರೆ. ಅದರಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎನ್ನುವುದರ ಮೇಲೆ ಮನೆಗಳು ನಿಲ್ಲುತ್ತವೆ, ಬೀಳುತ್ತವೆ. ಬೈಪಾಸ್ ಬಂದಲ್ಲಿ, ಲೇಔಟ್ ಬಂದಲ್ಲಿ ಜಮೀನಿಗೆ ಬೆಲೆ ಏರಿದ ಹಾಗೆ ಹಳೆಯ ವಾಟ್ನಿಗಳೆಲ್ಲ, ಅಂದರೆ ಆಸ್ತಿ ಪಾಲುಗಳೆಲ್ಲ, ಮತ್ತೆ ಎದ್ದು ಕೂರುತ್ತವೆ.

ಸಾಮಾನ್ಯ ಕೇಸು ಹೀಗಿರುತ್ತದೆ. ತಮ್ಮ ಒಟ್ಟು ಜಮೀನಿನಲ್ಲಿ ತನ್ನ ಪಾಲು ಎಂದು ಎರಡು ಎಕರೆ ಮಾರಿಬಿಟ್ಟ. ಅಣ್ಣ ತನಗೆ ಮೋಸವಾಯಿತು ಎಂದು ದೂರು ಕೊಟ್ಟ. ಇಲ್ಲಿ ಕೋರ್ಟು ಕೇಳುವುದು, ಮೋಸ ಹೋದದ್ದು ಯಾರು? ತಮ್ಮ ಅಣ್ಣನಿಗೆ ಏನನ್ನೂ ಸುಳ್ಳು ಹೇಳಿ ಏನನ್ನೂ ತೆಗೆದುಕೊಂಡಿಲ್ಲ. ಸುಳ್ಳು ಹೇಳಿದ್ದರೆ ಅದು ಖರೀದಿ ಮಾಡಿದವನಿಗೆ, ದೂರು ಕೊಡಬೇಕಾದವನು ಅವನು. ಸುಪ್ರೀಂ ಕೋರ್ಟ್ 2009ರಲ್ಲಿ ಬಿಹಾರದ ಕೇಸೊಂದರಲ್ಲಿ ಇದನ್ನು ಹೇಳಿತು. 2025ರ ಜನವರಿಯಲ್ಲಿ ಗೋವಾದ ಒಂದು ಜಮೀನಿನ ಪಾಲುದಾರರ ಕೇಸಿನಲ್ಲಿ ಅದನ್ನೇ ಮತ್ತೆ ಹೇಳಿ ಎಫ್‌ಐಆರ್ ರದ್ದು ಮಾಡಿತು. ಅಣ್ಣನಿಗೆ ಅನ್ಯಾಯ ಆಗಿಲ್ಲ ಎಂದು ಇದರ ಅರ್ಥವಲ್ಲ. ಅವನ ದಾರಿ ವಾಟ್ನಿ ದಾವೆ, ತಡೆಯಾಜ್ಞೆ. ಠಾಣೆ ಅಲ್ಲ.

ಇಷ್ಟು ಓದಿ ಜಮೀನಿನ ಕೇಸೆಲ್ಲ ಕ್ವಾಶ್ ಆಗುತ್ತವೆ ಅಂದುಕೊಂಡರೆ ಅದೂ ತಪ್ಪು. ಬೆಂಗಳೂರು ದಕ್ಷಿಣ ತಾಲೂಕಿನ ಒಂದು ಕುಟುಂಬದ ಜಮೀನು ಮೆಟ್ರೋಗೆ ಹೋಗಿತ್ತು, ಪರಿಹಾರ ಸುಮಾರು 33 ಕೋಟಿ ರೂಪಾಯಿ. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶಾವಳಿ ಮತ್ತು ಒಂದು ವಿಭಾಗ ಪತ್ರ ತೋರಿಸಿ ಗಂಡುಮಕ್ಕಳ ಕಡೆಯವರು ಆ ಪರಿಹಾರ ಪಡೆದರು ಎಂಬುದು ಆರೋಪ. ಸಿವಿಲ್ ದಾವೆಯೂ ನಡೆಯುತ್ತಿತ್ತು. ಹೈಕೋರ್ಟ್ ಕ್ರಿಮಿನಲ್ ಕೇಸನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಆ ಆದೇಶವನ್ನು ತೆಗೆದುಹಾಕಿ ಕೇಸು ಮುಂದುವರಿಯಲಿ ಎಂದಿತು. ಸಿವಿಲ್ ದಾವೆ ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಕ್ರಿಮಿನಲ್ ಕೇಸನ್ನು ಕೊಲ್ಲುವಂತಿಲ್ಲ, ಒಂದೇ ಘಟನೆಯಿಂದ ಎರಡೂ ಹುಟ್ಟಬಹುದು ಎಂಬುದು ಅದರ ನಿಲುವು. ಆರೋಪ ಸಾಬೀತಾಯಿತು ಎಂದು ಅದು ಹೇಳಿಲ್ಲ. ವಿಚಾರಣೆ ಆಗಲಿ ಎಂದಿದೆ, ಅಷ್ಟೇ.

ನಮ್ಮ ಜಿಲ್ಲೆಗಳವರು ಇದನ್ನು ಗಮನಿಸಬೇಕು ಅನ್ನಿಸುತ್ತದೆ. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಆ ಹೊತ್ತಿಗೆ ಅಪ್ಪ ಬದುಕಿರಬೇಕು ಎಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಮನೆಯ ಹಿರಿಯರ ಬಾಯಲ್ಲಿ ಮಾತ್ರ "ಅಕ್ಕಗ ಮದುವ್ಯಾಗ ಕೊಟ್ಟೇವಲ್ಲ" ಎಂಬುದು ಇನ್ನೂ ಹೋಗಿಲ್ಲ. ಹಾಗಾಗಿ ಅಕ್ಕನನ್ನು ಕರೆಸುತ್ತಾರೆ. "ಅಪ್ಪನ ಹೆಸರು ತೆಗೆದು ವಾರಸಾ ಮಾಡಬೇಕು, ಒಂದು ಸಹಿ ಹಾಕಿ ಹೋಗು" ಅನ್ನುತ್ತಾರೆ. ಅವಳು ಸಹಿ ಹಾಕಿದ್ದು ಹಕ್ಕು ಬಿಟ್ಟ ಪತ್ರಕ್ಕೆ ಎಂದು ಐದು ವರ್ಷದ ಮೇಲೆ ಗೊತ್ತಾಗುತ್ತದೆ.

ಇದು ಮೋಸವೇ? ಅವಳಿಗೆ ಒಂದು ಹೇಳಿ ಇನ್ನೊಂದಕ್ಕೆ ಸಹಿ ಹಾಕಿಸಿದ್ದರೆ, ಹೌದು, ಮೊದಲ ದಿನದ ಸುಳ್ಳು ಇಲ್ಲಿದೆ. ಆದರೆ ಗೊತ್ತಿದ್ದೇ ಸಹಿ ಹಾಕಿ, ಸೀರೆ ಉಡಿಸಿಕೊಂಡು ಹೋದ ಅಕ್ಕ, ಜಮೀನಿಗೆ ಕೋಟಿ ಬೆಲೆ ಬಂದ ಮೇಲೆ ಓದದೆ ಸಹಿ ಹಾಕಿದೆ ಎಂದರೆ? ಹೊರಗಿನಿಂದ ನೋಡಿದರೆ ಎರಡು ಅಕ್ಕಂದಿರ ದೂರೂ ಅಕ್ಷರ ಬಿಡದೆ ಒಂದೇ ಥರ ಇರುತ್ತದೆ. ಕ್ವಾಶ್ ಅರ್ಜಿಯ ನಿಜವಾದ ಕಷ್ಟ ಇದೇ. ಹೈಕೋರ್ಟ್ ಸಾಕ್ಷಿ ಕರೆಸಿ ಕೇಳುವುದಿಲ್ಲ. ಕಾಗದ ಮಾತ್ರ ನೋಡುತ್ತದೆ.

ಬೇಲೂರಿನ ಕೋರ್ಟ್ ಹಾಲಿನಲ್ಲಿ

ಅರ್ಜಿಯಲ್ಲಿ ಆರೋಪಿ ಅರ್ಜಿದಾರನಾಗುತ್ತಾನೆ. ಎದುರಿಗೆ ಸರ್ಕಾರ, ಅಂದರೆ ಠಾಣೆ, ಮತ್ತು ದೂರು ಕೊಟ್ಟವರು. ಜೊತೆಗೆ ದೂರು, ಎಫ್‌ಐಆರ್, ಆಗಿದ್ದರೆ ಚಾರ್ಜ್‌ಶೀಟ್. ನ್ಯಾಯಮೂರ್ತಿಗಳು ದೂರನ್ನು ಅದು ನಿಜವೆಂದೇ ಇಟ್ಟುಕೊಂಡು ಓದುತ್ತಾರೆ. ಇದರಲ್ಲಿ ಬರೆದದ್ದೆಲ್ಲ ಸತ್ಯವಾದರೂ ಅಪರಾಧವೊಂದು ಆಗುತ್ತದೆಯೇ? ಆಗುವುದಿಲ್ಲ ಎಂದಾದರೆ ರದ್ದು. ಆಗುತ್ತದೆ, ಆದರೆ ಅದು ಸುಳ್ಳು ಎಂಬುದು ಆರೋಪಿಯ ವಾದವಾದರೆ, ಸಾಮಾನ್ಯವಾಗಿ ಅದಕ್ಕೆ ವಿಚಾರಣೆಯೇ ಜಾಗ. ಹರಿಯಾಣದ ರಾಜಕಾರಣಿ ಭಜನ್ ಲಾಲ್ ಕೇಸಿನಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ಇಂಥ ಏಳು ಸಂದರ್ಭಗಳನ್ನು ಪಟ್ಟಿ ಮಾಡಿತು. ಕ್ವಾಶ್ ಅರ್ಜಿಯಲ್ಲಿ ಈ ಹೆಸರು ಇಲ್ಲದಿದ್ದರೆ ಅದು ಒಗ್ಗರಣೆ ಇಲ್ಲದ ಸಾರು. ಕರ್ನಾಟಕದಿಂದಲೇ ಹೋದ 1977ರ ಇನ್ನೊಂದು ಕೇಸೂ ಆಗಾಗ ಬರುತ್ತದೆ, ಕೋರ್ಟಿನ ಕಲಾಪ ಕಿರುಕುಳದ ಆಯುಧವಾಗಲು ಬಿಡಬಾರದು ಎಂದು ಹೇಳಿದ್ದು ಅದು.

ದೂರುಗಳಲ್ಲಿ ಒಂದು ವಾಕ್ಯ ಬಂದೇ ಬರುತ್ತದೆ: ಮೊದಲಿನಿಂದಲೂ ಮೋಸ ಮಾಡುವ ಉದ್ದೇಶದಿಂದಲೇ ಹಣ ಪಡೆದಿರುತ್ತಾರೆ. ಬರೆದುಕೊಡುವವರಿಗೆ ಅದು ಬಾಯಿಪಾಠ. ಆ ವಾಕ್ಯ ಇದ್ದ ಮಾತ್ರಕ್ಕೆ ಸಾಲದು. ಯಾವ ದಿನ, ಯಾವ ಸುಳ್ಳು, ಅದನ್ನು ನಂಬಿ ಏನು ಕೊಟ್ಟಿರಿ ಎಂಬುದು ಬೇಕು. ಇನ್ನೊಂದು ಚಾಳಿ, 420 ಮತ್ತು 406 ಎರಡನ್ನೂ ಒಟ್ಟಿಗೆ ಹಾಕಿಬಿಡುವುದು. ಮೋಸದಲ್ಲಿ ಮೊದಲ ದಿನವೇ ಕೆಟ್ಟ ಮನಸ್ಸು, ನಂಬಿಕೆ ದ್ರೋಹದಲ್ಲಿ ಮೊದಲು ನ್ಯಾಯವಾಗಿ ಕೈಗೆ ಬಂದದ್ದನ್ನು ಆಮೇಲೆ ನುಂಗುವುದು. ಒಂದೇ ರೊಕ್ಕಕ್ಕೆ ಎರಡೂ ಹೇಗೆ ಆಗುತ್ತದೆ? 2024ರ ಆಗಸ್ಟ್‌ನಲ್ಲಿ ಡೆಲ್ಲಿ ರೇಸ್ ಕ್ಲಬ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಕೇಳಿ ಪೊಲೀಸರಿಗೆ ಪಾಠ ಹೇಳಿತು.

ಮನೆಯವರನ್ನೆಲ್ಲ ಸೇರಿಸುವುದೂ ಇದೆ. ರೊಕ್ಕ ತೆಗೆದುಕೊಂಡವನು ಒಂದನೇ ಆರೋಪಿ, ಹೆಂಡತಿ ಎರಡನೆಯವಳು, ಎಂಬತ್ತರ ಮುದುಕಿ ಮೂರನೆಯವಳು, ಪುಣೆಯಲ್ಲಿರುವ ತಮ್ಮ ನಾಲ್ಕನೆಯವನು. ಇವರ ಪಾತ್ರ ಏನೆಂದು ದೂರಿನಲ್ಲಿ ಒಂದು ಸಾಲೂ ಇರುವುದಿಲ್ಲ. ಒತ್ತಡ ತರುವುದಷ್ಟೇ ಉದ್ದೇಶ. ಒಂದನೆಯವನ ಮೇಲೆ ಕೇಸು ಉಳಿಸಿ ಉಳಿದವರನ್ನು ಬಿಡುವ ಆದೇಶಗಳು ಬರುವುದು ಹೀಗೆ.

ಅರ್ಜಿ ಹಾಕಿದ ತಕ್ಷಣ ತನಿಖೆ ನಿಲ್ಲುತ್ತದೆ ಎಂಬ ಭರವಸೆ ಬೇಡ. ನೀಹಾರಿಕಾ ಕಂಪನಿಯ ಕೇಸಿನಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್, ಕಾರಣ ಕೊಡದೆ ತನಿಖೆಗೆ ತಡೆ ಕೊಡಬೇಡಿ ಎಂದು ಹೈಕೋರ್ಟುಗಳಿಗೆ ಹೇಳಿದೆ. ಹಾಗೆಂದು ಎಫ್‌ಐಆರ್ ಆಯಿತು, ಇವತ್ತೇ ಒಳಗೆ ಹಾಕುತ್ತಾರೆ ಎಂಬ ಭಯವೂ ಬೇಡ. ಏಳು ವರ್ಷದವರೆಗಿನ ಶಿಕ್ಷೆಯ ಕೇಸಿನಲ್ಲಿ ಬಂಧಿಸುವ ಅಗತ್ಯ ಯಾಕೆ ಎಂದು ಪೊಲೀಸರು ಬರೆದಿಡಬೇಕು. ಅಗತ್ಯ ಇಲ್ಲದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಕೊಟ್ಟು ಕರೆಯಬೇಕು. ಠಾಣೆ ಬಿಟ್ಟು ನೇರವಾಗಿ ಮ್ಯಾಜಿಸ್ಟ್ರೇಟರ ಹತ್ತಿರ ಖಾಸಗಿ ದೂರು ಹಾಕಿದರೆ, ಹೊಸ ಕಾನೂನಿನ 223ರಂತೆ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವ ಮುಂಚೆಯೇ ಆರೋಪಿಯ ಮಾತೂ ಕೇಳಬೇಕು. ಹಳೆಯ ಕಾನೂನಿನಲ್ಲಿ ಇದು ಇರಲಿಲ್ಲ.

ಇನ್ನು ರಾಜಿ. ಸಂಬಂಧಿಕರ ಕೇಸು ಮುಗಿಯಲು ಒಳ್ಳೆಯ ದಾರಿ ಇದು. 420ಕ್ಕೆ ಕೆಳಗಿನ ಕೋರ್ಟಿನ ಅನುಮತಿಯ ಮೇಲೆ ರಾಜಿ ಆಗಬಹುದು. ರಾಜಿಗೆ ಬರದ ಬೇರೆ ಕಲಂಗಳೂ ಸೇರಿಕೊಂಡಿದ್ದರೆ ಹೈಕೋರ್ಟಿಗೆ ಬರಬೇಕು. ಖಾಸಗಿ ಸ್ವರೂಪದ ಇಂಥ ಕೇಸನ್ನು ರಾಜಿಯ ಮೇಲೆ ರದ್ದು ಮಾಡಬಹುದು ಎಂದು 2012ರ ಜ್ಞಾನ್ ಸಿಂಗ್ ತೀರ್ಪು ಬಾಗಿಲು ತೆರೆದಿದೆ. ರಾಜಿಯ ಮಾತುಕತೆಯಲ್ಲಿ ಹಿರಿಯರು ಕೂತಿರುತ್ತಾರೆ, ಚಹಾ ಬರುತ್ತದೆ, ಎಂಟು ಲಕ್ಷ ಐದಕ್ಕೆ ಇಳಿಯುತ್ತದೆ. ಅಪನಂಬಿಕೆ ಶುರುವಾಗುವುದು ಆಮೇಲೆ. ಮೊದಲು ಕ್ವಾಶ್ ಆಗಲಿ, ಆಮೇಲೆ ರೊಕ್ಕ ಎಂದು ಅಳಿಯ, ಮೊದಲು ರೊಕ್ಕ, ಆಮೇಲೆ ಸಹಿ ಎಂದು ಮಾವ. ಇಬ್ಬರಿಗೂ ಮೊದಲ ಸಲದ ನೆನಪಿದೆ. ಹಾಗಾಗಿ ಡಿಡಿ ತಂದು, ಕೋರ್ಟ್ ಹಾಲಿನಲ್ಲೇ ಕೊಟ್ಟು, ಜಂಟಿ ಮೆಮೊಗೆ ಅಲ್ಲೇ ಸಹಿ ಹಾಕುವುದು ಎಲ್ಲರಿಗೂ ಕ್ಷೇಮ.

ರಾಜಿ ಆಗದೆ ವಾದ ನಡೆದು ಕೇಸು ಕ್ವಾಶ್ ಆಯಿತು ಅಂದುಕೊಳ್ಳಿ. ಅಳಿಯ ಗೆದ್ದೆ ಎಂದು ಪೇಡೆ ಹಂಚುತ್ತಾನೆ. ಅವನು ರೊಕ್ಕ ಕೊಡಬೇಕಿಲ್ಲ ಎಂದು ಹೈಕೋರ್ಟ್ ಹೇಳಿಲ್ಲ. ಇದು ಕ್ರಿಮಿನಲ್ ಕೋರ್ಟಿನ ಕೆಲಸವಲ್ಲ ಎಂದಷ್ಟೇ ಹೇಳಿದೆ. ಸಿವಿಲ್ ದಾರಿ ತೆರೆದೇ ಇದೆ ಎಂದು ಆದೇಶದ ಕೊನೆಯಲ್ಲಿ ಎಷ್ಟೋ ಸಲ ಬರೆದೂ ಇರುತ್ತದೆ. ಮಾವ ಆ ಸಾಲು ಹಿಡಿದುಕೊಂಡು ಹಾವೇರಿಯ ವಕೀಲರ ಹತ್ತಿರ ಹೋಗುತ್ತಾರೆ. ವಕೀಲರು ಮೊದಲು ಕೇಳುವುದು ಆ ದೀಪಾವಳಿ ಯಾವ ವರ್ಷದ್ದು ಎಂದು. ತಪ್ಪು ಸಿವಿಲ್ ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಳೆದ ಸಮಯವನ್ನು ಕಾಲಮಿತಿ ಕಾಯ್ದೆಯ 14ನೇ ಕಲಂ ಲೆಕ್ಕದಿಂದ ಬಿಟ್ಟುಕೊಡುತ್ತದೆ. ಠಾಣೆಯ ಬೆಂಚಿನ ಮೇಲೆ ಕಳೆದ ಸಮಯವನ್ನು ಬಿಟ್ಟುಕೊಡುವುದಿಲ್ಲ.